ಮೇಕೆಯ ಆಕಾರದ ತೊರೆ

2020ರ ಬೇಸಿಗೆಯಲ್ಲಿ, ಕೊರೋನಾದ ದಿನಗಳಲ್ಲಿ, ನನ್ನ ಕೆಲಸ ಹೋಯಿತು. ಅಮೆರಿಕದ ಮೇರಿಲ್ಯಾಂಡಿನಲ್ಲಿ, ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟು ಆಗ ಸಂತೆಯಂತಿತ್ತು. ನಮ್ಮವರು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ತಮ್ಮ ಲ್ಯಾಬಿನವರ ಜೊತೆ ಮಾತಾಡುತ್ತಿದ್ದರು. ಮಗಳು ಊಟದ ಮೇಜಿನ ಮೇಲೆ ಮೂರನೇ ತರಗತಿ ಓದುತ್ತಿದ್ದಳು, ಅಂದರೆ ಟೀಚರಿಗೆ ಕಾಣದಂತೆ ಮಡಿಲಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಮೊಮ್ಮಗಳನ್ನು ನೋಡಿಕೊಂಡು ಹೋಗಲು ಚಳಿಗಾಲದಲ್ಲಿ ಮೈಸೂರಿನಿಂದ ಬಂದಿದ್ದ ಅತ್ತೆ, ವಿಮಾನಗಳು ನಿಂತುಹೋದ ಮೇಲೆ ಸೋಫಾದ ಒಂದು ಮೂಲೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡಿದ್ದರು.

ನಾನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು. ಬೇರೆ ಕೆಲಸ ಹುಡುಕುತ್ತಿರುವಾಗ ಪರಿಚಯದವರೊಬ್ಬರು ಫೋನ್ ಮಾಡಿ, ವಾಷಿಂಗ್ಟನ್ನಿನ ಒಂದು ಪುಟ್ಟ ಸಂಸ್ಥೆಗೆ ವಿಡಿಯೊ ಮೀಟಿಂಗ್ ನಡೆಸಿಕೊಡುವವರು ಬೇಕಂತೆ ಎಂದರು. ಇಸ್ರೇಲಿಗಳನ್ನೂ ಪ್ಯಾಲೆಸ್ಟೀನಿಯರನ್ನೂ ಎದುರುಬದುರು ಕೂರಿಸಿ ಮಾತಾಡಿಸುವ ಸಂಸ್ಥೆ. ನನಗೆ ನಗು ಬಂತು. ಆ ಭಾಗದ ಬಗ್ಗೆ ನನಗೆ ಗೊತ್ತಿದ್ದದ್ದು ಟೀವಿಯಲ್ಲಿ ಕಂಡಷ್ಟು, ಅದೂ ಚಾನೆಲ್ ಬದಲಾಯಿಸುವ ಮೊದಲು ಕಂಡಷ್ಟು.

ಸಂದರ್ಶನ ಮಾಡಿದವರು ಸಂಸ್ಥೆಯ ಮುಖ್ಯಸ್ಥರು, ನಿವೃತ್ತ ಅಮೆರಿಕನ್ ರಾಯಭಾರಿ. ಬಿಳಿ ಹುಬ್ಬು, ಉದ್ದನೆಯ ದೇಹ, ಪರದೆಯಲ್ಲಿ ಯಾವಾಗಲೂ ಗಲ್ಲದವರೆಗೆ ಮಾತ್ರ ಕಾಣುತ್ತಿದ್ದರು. ಅವರು ನನ್ನ ಅನುಭವ ಕೇಳಲಿಲ್ಲ. "ಇಬ್ಬರು ಒಂದೇ ಸಲ ಬಾಗಿಲು ತಟ್ಟಿದರೆ ಯಾರನ್ನು ಮೊದಲು ಒಳಗೆ ಬಿಡ್ತೀರಿ?" ಎಂದರು.

"ಇಬ್ಬರನ್ನೂ ಒಟ್ಟಿಗೇ ಬಿಡ್ತೀನಿ. ಅದಕ್ಕೊಂದು ಬಟನ್ ಇದೆ," ಎಂದೆ.

"ನಲವತ್ತು ವರ್ಷ ಈ ಬಟನ್ ಇಲ್ಲದೆ ಕಷ್ಟಪಟ್ಟೆ. ಸೋಮವಾರದಿಂದ ಬನ್ನಿ. ಅಂದರೆ ಬರಬೇಡಿ, ಮನೆಯಲ್ಲೇ ಇರಿ," ಎಂದರು.

ಕೆಲಸ ಇಷ್ಟು: ಸರಕಾರಗಳ ನಡುವೆ ಮಾತುಕತೆ ನಿಂತುಹೋದಾಗ, ಹುದ್ದೆಯಲ್ಲಿ ಇಲ್ಲದವರು, ನಿವೃತ್ತರು, ತಜ್ಞರು ಖಾಸಗಿಯಾಗಿ ಕೂತು ಮಾತಾಡುತ್ತಾರೆ. ಇವತ್ತಲ್ಲ ನಾಳೆ ಸರಕಾರಗಳಿಗೆ ಬುದ್ಧಿ ಬಂದರೆ ಕೈಗೆ ಸಿಗುವಂತೆ ಒಂದೊಂದು ವಿಷಯದ ಮೇಲೂ ಕರಡು ಒಪ್ಪಂದ ಬರೆದಿಡುತ್ತಾರೆ. ಗಡಿಯ ಮೇಲೊಂದು, ಜೆರುಸಲೇಮಿನ ಮೇಲೊಂದು, ನಿರಾಶ್ರಿತರ ಮೇಲೊಂದು. ನಮ್ಮ ಸಂಸ್ಥೆಯ ಪಾಲಿಗೆ ಬಂದದ್ದು ಒಂದು ತೊರೆ. ಪ್ಯಾಲೆಸ್ಟೀನಿಯರ ಪಶ್ಚಿಮ ದಂಡೆಯ ಬೆಟ್ಟದಲ್ಲಿ ಹುಟ್ಟಿ, ನಡುವೆ ಇಸ್ರೇಲ್ ಕಟ್ಟಿದ ಗೋಡೆಯ ಅಡಿಯಿಂದ ನುಸುಳಿ, ಇಸ್ರೇಲಿನ ಬಯಲಿಗೆ ಇಳಿಯುವ ತೊರೆ. ಅದರಲ್ಲಿ ಹರಿಯುತ್ತಿದ್ದದ್ದು ಹೆಚ್ಚಾಗಿ ಕೊಳಚೆ. ಬೆಟ್ಟದ ಊರುಗಳದ್ದೂ ಉಂಟು, ಬೆಟ್ಟದ ಮೇಲಿನ ಇಸ್ರೇಲಿ ವಸಾಹತುಗಳದ್ದೂ ಉಂಟು. ಯಾರದ್ದು ಎಷ್ಟು ಎನ್ನುವುದೇ ಜಗಳ.

ಎರಡೂ ಕಡೆಯಿಂದ ಹಲವರು ಬರುತ್ತಿದ್ದರು, ಆದರೆ ಮಾತು ನಡೆಸುತ್ತಿದ್ದವರು ಇಬ್ಬರು. ಇಸ್ರೇಲಿನ ಕಡೆಯಿಂದ ಒಬ್ಬ ನೀರಾವರಿ ಎಂಜಿನಿಯರ್, ಎಪ್ಪತ್ತರ ಹತ್ತಿರದ ಹೆಂಗಸು. ಕತ್ತರಿಸಿದ ಕೂದಲು, ದಪ್ಪ ಕನ್ನಡಕ, ಮಾತಿಗೊಮ್ಮೆ ಪೆನ್ಸಿಲ್ ಕುಟ್ಟುವ ಅಭ್ಯಾಸ. ನಾನು ಮನಸ್ಸಿನಲ್ಲಿ ಅವರನ್ನು ಎಂಜಿನಿಯರಮ್ಮ ಎನ್ನುತ್ತಿದ್ದೆ. ಪ್ಯಾಲೆಸ್ಟೀನಿನ ಕಡೆಯಿಂದ ಭೂಗೋಳ ಕಲಿಸಿ ನಿವೃತ್ತರಾದ ಪ್ರೊಫೆಸರು. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಮನೆಯೊಳಗೂ ತಲೆಯ ಮೇಲೆ ಒಂದು ಕ್ಯಾಪು. ಇಬ್ಬರೂ ಸೊಗಸಾದ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು.

ಮಾತುಕತೆ ಗುಟ್ಟಿನದು, ಹಾಗಾಗಿ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಬೇಕಿತ್ತು. ಮನೆಯಲ್ಲಿ ಬೇರೆ ಜಾಗವಿಲ್ಲದೆ ನಾನು ಸೋಫಾದ ಪಕ್ಕದಲ್ಲೇ ಕೂರುತ್ತಿದ್ದೆ. ಅತ್ತೆಗೆ ಧ್ವನಿ ಕೇಳುತ್ತಿರಲಿಲ್ಲ, ಮುಖಗಳು ಕಾಣುತ್ತಿದ್ದವು. ಇದು ನಡೆದೀತೇ ಎಂದು ರಾಯಭಾರಿಗಳನ್ನು ಕೇಳಿದೆ. "ಕೇಳಿಸದಿದ್ದರೆ ಅಡ್ಡಿಯಿಲ್ಲ. ಕೇಳಿಸಿಕೊಂಡ ನಮಗೇ ಅರ್ಥವಾಗ್ತಿಲ್ಲ," ಎಂದರು. ಅತ್ತೆ ನೋಡುತ್ತಿದ್ದ ಸೀರಿಯಲ್ಲು ಕೊರೋನಾದಿಂದ ಅರ್ಧಕ್ಕೇ ನಿಂತುಹೋಗಿತ್ತು. ಅವರು ಇದನ್ನೇ ನೋಡತೊಡಗಿದರು.

ಒಂದು ದಿನ ನನ್ನ ಹೆಡ್‌ಫೋನ್ ತೆಗೆಸಿ ಕೇಳಿದರು. "ಅಲ್ಲ ಕಣೇ, ಅಣ್ಣ ತಂಗೀದು ಎಷ್ಟು ದಿನದಿಂದ ನಡೀತಾ ಇದೆ ಇದು?"

"ಯಾವ ಅಣ್ಣ ತಂಗಿ ಅತ್ತೆ?"

"ಆ ಟೋಪಿಯವರು, ಈ ಕನ್ನಡಕದವಳು. ಆಸ್ತಿ ಪಾಲಿನ ವಿಷಯ ತಾನೆ? ನಮ್ಮ ಚಿಕ್ಕಪ್ಪನ ಮನೇಲೂ ಹೀಗೇ ಆಯ್ತು. ಮಧ್ಯ ಕೂತಿರೋ ಬಿಳೀ ಹುಬ್ಬಿನೋರು ಲಾಯರ್ರಾ?"

ನಾನು ಅಲ್ಲ ಎನ್ನಲು ಬಾಯಿ ತೆರೆದು ಮುಚ್ಚಿದೆ. ಗುಟ್ಟು ಕಾಪಾಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಹೊಳೆಯುತ್ತಿರಲಿಲ್ಲ. "ಹೂಂ, ಅಂಥದ್ದೇ," ಎಂದೆ. ಅಂದಿನಿಂದ ಪ್ರತಿ ವಾರ ಕಾಫಿ ಹಿಡಿದುಕೊಂಡು ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿದ್ದರು.

ಆ ಚಳಿಗಾಲದಲ್ಲಿ ಮಾತು ನಕ್ಷೆಯ ಹತ್ತಿರ ಬಂದು ಸಿಕ್ಕಿಕೊಂಡಿತು. ನೀರಿನ ಮಾದರಿಯನ್ನು ತೊರೆಯ ಯಾವ ಯಾವ ಜಾಗದಲ್ಲಿ ತೆಗೆಯಬೇಕು ಎಂದು ತೀರ್ಮಾನಿಸಲು ಪರದೆಯ ಮೇಲೆ ಒಂದು ನಕ್ಷೆ ಬೇಕು. ನಾನು ಒಂದು ಹಾಕಿದೆ. ಪ್ರೊಫೆಸರು, "ಇದರಲ್ಲಿ ನನ್ನ ಊರೇ ಇಲ್ಲ," ಎಂದರು. ಇನ್ನೊಂದು ಹಾಕಿದೆ. ಎಂಜಿನಿಯರಮ್ಮ, "ಇದರಲ್ಲಿ ನನ್ನ ದೇಶವೇ ಇಲ್ಲ," ಎಂದರು. ಮೂರನೆಯದು ಇಬ್ಬರಿಗೂ ಆಗಲಿಲ್ಲ, ಅದನ್ನು ಹಿಂದೆ ಅಲ್ಲಿ ಆಳಿದ ಬ್ರಿಟಿಷರು ಮಾಡಿದ್ದು. ಒಂದರಲ್ಲಿ ಗೆರೆ ತಪ್ಪು, ಒಂದರಲ್ಲಿ ಹೆಸರು ತಪ್ಪು, ಒಂದರಲ್ಲಿ ಬಣ್ಣ ತಪ್ಪು. ವಾರಗಳು ಹೋದವು. ಕೊನೆಗೆ ರಾಯಭಾರಿಗಳು ಹಣೆ ಒತ್ತಿಕೊಳ್ಳುತ್ತ ನನ್ನನ್ನು ಕೇಳಿದರು. "ನೀವೇ ಬರೆದುಬಿಡ್ತೀರಾ? ಹೆಸರು ಬೇಡ, ಗಡಿ ಬೇಡ. ಬರೀ ನೀರು."

ನಾನು ಮೀಟಿಂಗಿನ ಬಿಳಿ ಹಲಗೆ ತೆರೆದು, ನೀಲಿ ಬಣ್ಣ ಆರಿಸಿ, ಮೌಸ್ ಹಿಡಿದೆ. ನನಗೆ ರಂಗೋಲಿಯ ಎಳೆ ಕೂಡ ನೆಟ್ಟಗೆ ಬರುವುದಿಲ್ಲ. ಇಬ್ಬರೂ ದಾರಿ ಹೇಳತೊಡಗಿದರು.

"ಮೇಲಿಂದ ಶುರು ಮಾಡಿ. ಎಡಕ್ಕೆ. ಇನ್ನೂ ಎಡಕ್ಕೆ," ಎಂದರು ಪ್ರೊಫೆಸರು. "ಅಲ್ಲಿ ಒಂದು ಅಂಜೂರದ ಮರ ಇದೆ, ಅದನ್ನು ಸುತ್ತಿಕೊಂಡು ಬನ್ನಿ."

"ಅಷ್ಟು ಸುತ್ತಬೇಡಿ," ಎಂದರು ಎಂಜಿನಿಯರಮ್ಮ. "ಈಗ ಕೆಳಗೆ. ಜೋರಾಗಿ ಕೆಳಗೆ, ಅಲ್ಲಿ ಇಳಿಜಾರು."

"ಅಷ್ಟು ಜೋರಿಲ್ಲ."

"ಮಳೆಗಾಲದಲ್ಲಿ ಜೋರು."

ನಾನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ಎಳೆದೆ. ಉಪತೊರೆಗಳನ್ನು ಸೇರಿಸಿದೆ. ಕೈ ಜಾರಿ ಒಂದೆಡೆ ನೀಲಿ ಮುದ್ದೆಯಾಯಿತು, ಅಳಿಸಲು ಹೋಗಿ ಇನ್ನೂ ದೊಡ್ಡದಾಯಿತು. ಅಷ್ಟರಲ್ಲಿ ಮಗಳು ಬಿಸ್ಕೀಟಿಗೆಂದು ಬಂದವಳು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಮ್ಮಾ, ನೀನು ವರ್ಕ್‌ನಲ್ಲಿ ಯಾಕೆ ಗೋಟ್ ಡ್ರಾ ಮಾಡ್ತಾ ಇದೀಯಾ?"

ಗೋಟ್ ಎಂಬ ಒಂದು ಪದ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು, ನನ್ನ ಮೈಕು ತೆರೆದೇ ಇತ್ತು. ಪರದೆಯಲ್ಲಿ ಯಾರೂ ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಆಮೇಲೆ ಪ್ರೊಫೆಸರು ಕ್ಯಾಪು ತೆಗೆದು ಪರದೆಗೆ ಹತ್ತಿರ ಬಂದರು. "ಹುಡುಗಿ ಹೇಳೋದು ನಿಜ. ಇದು ಮೇಕೆ," ಎಂದರು.

"ಬಾಲ ನಮ್ಮ ಕಡೆ ಬಂದಿದೆ," ಎಂದರು ಎಂಜಿನಿಯರಮ್ಮ ಗಂಭೀರವಾಗಿ.

"ಕೊಂಬು ನಮ್ಮದು. ಅದರಲ್ಲಿ ಚೌಕಾಸಿಯಿಲ್ಲ."

ಎಂಜಿನಿಯರಮ್ಮ ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಪೆನ್ಸಿಲ್ ಕೆಳಗೆ ಬಿತ್ತು, ಹುಡುಕಲು ಬಗ್ಗಿದವರು ಮೇಲೆ ಬರಲೇ ಇಲ್ಲ, ಮೇಜಿನ ಕೆಳಗಿನಿಂದ ನಗು ಮಾತ್ರ ಕೇಳುತ್ತಿತ್ತು. ಎರಡೂ ಕಡೆಯ ಎಲ್ಲರೂ ನಕ್ಕರು. ರಾಯಭಾರಿಗಳ ಹುಬ್ಬು ಕುಣಿಯುತ್ತಿತ್ತು. ನಾನು ಮೈಕು ಮುಚ್ಚಿ, ಸೋಫಾದ ದಿಂಬಿಗೆ ಮುಖ ಒತ್ತಿ ನಕ್ಕೆ. ಅತ್ತೆ ಕಾಫಿಲೋಟ ಕೆಳಗಿಟ್ಟು, "ರಾಜಿ ಆದ್ರು ಅನ್ಸುತ್ತೆ," ಎಂದರು.

ಆಗಿದ್ದರು. ಆ ನಕ್ಷೆ ಎಷ್ಟು ಕೆಟ್ಟದಾಗಿತ್ತೆಂದರೆ ಅದು ಯಾವ ಕಡೆಯ ಪಿತೂರಿಯೂ ಆಗಿರಲು ಸಾಧ್ಯವಿರಲಿಲ್ಲ. ಇಬ್ಬರೂ ಪೂರ್ತಿ ಒಪ್ಪಿದ ಮೊದಲ ವಿಷಯ ಅದೇ. ಮುಂದಿನ ಕರಡುಗಳಲ್ಲೆಲ್ಲ ಕೊಂಬು, ಕುತ್ತಿಗೆ, ಹೊಟ್ಟೆ, ಬಾಲ ಎಂದೇ ಬಂತು. "ಹೊಟ್ಟೆಯ ಬಳಿಯ ಮಾಪನ ಕೇಂದ್ರದ ಬಗ್ಗೆ ಉಭಯ ಪಕ್ಷಗಳಿಗೂ ಸಹಮತವಿದೆ" ಎಂಬ ವಾಕ್ಯವನ್ನು ನಾನೇ ಟೈಪು ಮಾಡಿದೆ.

ಮುಂದಿನ ವರ್ಷ ವಿಮಾನಗಳು ಶುರುವಾಗಿ ಅತ್ತೆ ಮೈಸೂರಿಗೆ ಹೋದರು. ವಾಟ್ಸ್ಯಾಪಿನಲ್ಲಿ ಮೊಮ್ಮಗಳ ಕ್ಷೇಮಕ್ಕಿಂತ ಮೊದಲು ಅಣ್ಣ ತಂಗಿಯ ಕ್ಷೇಮ ಕೇಳುತ್ತಿದ್ದರು.

2022ರ ಶರತ್ಕಾಲದಲ್ಲಿ ಅವರೆಲ್ಲ ಮೊದಲ ಸಲ ಮುಖಾಮುಖಿ ಸೇರಿದರು, ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ, ಮೇರಿಲ್ಯಾಂಡಿನ ಬೆಟ್ಟದ ಬುಡದ ಒಂದು ಲಾಡ್ಜಿನಲ್ಲಿ. ಎಲೆಗಳು ಕೆಂಪಾಗಿದ್ದವು. ಎರಡು ವರ್ಷ ಭುಜದವರೆಗೆ ಮಾತ್ರ ಕಂಡವರನ್ನು ಇಡಿಯಾಗಿ ನೋಡುವುದೇ ಒಂದು ತಮಾಷೆ. ಎಂಜಿನಿಯರಮ್ಮ ನನ್ನ ಮಗಳಿಗಿಂತ ಸ್ವಲ್ಪವೇ ಎತ್ತರ. ಪ್ರೊಫೆಸರು ಅವರನ್ನು ನೋಡಿ, "ಅಷ್ಟು ಗಲಾಟೆಯೆಲ್ಲ ಇಷ್ಟರಿಂದಲೇ ಬರ್ತಿತ್ತಾ?" ಎಂದರು.

ಎರಡನೆಯ ದಿನ ಕಾರ್ಯಕ್ರಮದಲ್ಲಿ ಪ್ರವಾಸವಿತ್ತು. ಶ್ವೇತಭವನವೋ ಸ್ಮಾರಕಗಳೋ ಅಲ್ಲ. ಇಬ್ಬರೂ ಒಂದೇ ದನಿಯಲ್ಲಿ ಕೇಳಿದ್ದು ಕೊಳಚೆ ನೀರು ಶುದ್ಧೀಕರಿಸುವ ಘಟಕ. ಅವತ್ತು ಬೆಳಿಗ್ಗೆ ಬರಬೇಕಿದ್ದ ವ್ಯಾನು ಬರಲಿಲ್ಲ. ಉಳಿದವರು ಲಾಡ್ಜಿನಲ್ಲೇ ಕರಡು ತಿದ್ದುತ್ತ ಕೂತರು. ಇವರಿಬ್ಬರನ್ನೂ ರಾಯಭಾರಿಗಳನ್ನೂ ನನ್ನ ಮಿನಿವ್ಯಾನಿನಲ್ಲಿ ಕರೆದುಕೊಂಡು ಹೋಗುವುದೆಂದಾಯಿತು.

ಮುಂದಿನ ಸೀಟಿನಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆ ಬಂತು. ಇಬ್ಬರೂ ಬಾಗಿಲ ಹತ್ತಿರ ನಿಂತು, "ನೀವು ಕೂರಿ," "ಇಲ್ಲ, ನೀವು ಕೂರಿ," ಎನ್ನುತ್ತಿದ್ದರು. ಆ ಸೌಜನ್ಯದೊಳಗೆ ಏನೇನಿತ್ತೋ ಯಾರಿಗೆ ಗೊತ್ತು. ರಾಯಭಾರಿಗಳು ಏನೂ ಹೇಳದೆ ಹಿಂದಿನ ಬಾಗಿಲು ತೆರೆದು, ಮಕ್ಕಳು ಕೂರುವ ಮೂರನೇ ಸಾಲಿಗೆ ತೂರಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತರು. "ಮಧ್ಯದ ಸಾಲಿನಲ್ಲಿ ಎರಡು ಸಮಾನ ಕುರ್ಚಿಗಳಿವೆ," ಎಂದರು. ಮುಂದಿನ ಸೀಟಿನಲ್ಲಿ ನನ್ನ ಪರ್ಸು ಕೂತಿತು.

ಹೈವೇಯಲ್ಲಿ ಇಬ್ಬರೂ ನನಗೆ ಡ್ರೈವಿಂಗ್ ಹೇಳಿಕೊಟ್ಟರು. ಲೇನ್ ಬದಲಾಯಿಸಿ, ಬೇಡ, ಈ ಟ್ರಕ್ ಹಿಂದಿಕ್ಕಿ, ಬಿಡಿ ಅವನು ಹೋಗಲಿ. ದಾರಿ ತಪ್ಪಿಸದೆ ಇದ್ದದ್ದು ಜಿಪಿಎಸ್ ಒಂದೇ. ನಾನು ಮಗಳ ಡಬ್ಬಿಯಲ್ಲಿ ಉಳಿದಿದ್ದ ಕೋಡುಬಳೆ ಹಿಂದಕ್ಕೆ ಚಾಚಿದೆ. ಪ್ರೊಫೆಸರು ಒಂದನ್ನು ಬೆರಳಿಗೆ ಹಾಕಿಕೊಂಡು ನೋಡಿದರು. ಎಂಜಿನಿಯರಮ್ಮ ಕಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಖಾರ ಹೆಚ್ಚು ಎಂದು ದೂರುತ್ತಲೇ ಡಬ್ಬಿ ಖಾಲಿ ಮಾಡಿದರು.

ಘಟಕದಲ್ಲಿ ನಮ್ಮನ್ನು ಕರೆದೊಯ್ದವಳು ಚುರುಕಾದ ಒಬ್ಬ ಯುವತಿ. ಮೂಗು ಮುಚ್ಚಿಕೊಂಡು ಬರುವ ಶಾಲಾಮಕ್ಕಳಿಗೆ ಒಗ್ಗಿಹೋಗಿದ್ದವಳಿಗೆ ನಮ್ಮವರನ್ನು ಕಂಡು ಗಾಬರಿಯಾಯಿತು. ಎಂಜಿನಿಯರಮ್ಮ ಮೊದಲ ತೊಟ್ಟಿಯ ಕಟಾಂಜನದ ಮೇಲೆ ಬಗ್ಗಿ ದೀರ್ಘವಾಗಿ ಉಸಿರೆಳೆದು, "ಆರೋಗ್ಯವಂತ ವಾಸನೆ," ಎಂದರು. ಪ್ರೊಫೆಸರೂ ಎಳೆದು, "ಬ್ಯಾಕ್ಟೀರಿಯಾಗಳು ಸಂತೋಷವಾಗಿವೆ," ಎಂದರು. ಇಬ್ಬರೂ ನನ್ನ ಎರಡು ಬದಿಗೆ ನಿಂತು ಒಂದೇ ವಿಷಯವನ್ನು ಎರಡು ಕಿವಿಗೆ ವಿವರಿಸಿದರು. ಮದುವೆಮನೆಯಲ್ಲಿ ಊಟ ಚೆನ್ನಾಗಿದೆ ಎಂದು ಇಬ್ಬರು ಹಿರಿಯರು ಒತ್ತಾಯ ಮಾಡಿದ ಹಾಗಿತ್ತು.

ಗಾಳಿ ಊದುವ ದೊಡ್ಡ ತೊಟ್ಟಿಯ ಬಳಿ ನಿಂತಿದ್ದಾಗ ಬೀಸಿದ ಗಾಳಿಗೆ ಪ್ರೊಫೆಸರ ಕ್ಯಾಪು ಹಾರಿತು. ತೊಟ್ಟಿಗೇ ಬಿತ್ತು. ಕಂದು ನೊರೆಯ ಮೇಲೆ ಒಂದು ಸುತ್ತು ತಿರುಗಿ ನಿಧಾನವಾಗಿ ಹೊರಟಿತು.

"ಅದು ಆ ಕಡೆಯ ಗೇಟಿಗೆ ಬರುತ್ತೆ," ಎಂದರು ಎಂಜಿನಿಯರಮ್ಮ.

"ಇಲ್ಲ. ಸುಳಿ ಇದೆ, ವಾಪಸ್ ಇಲ್ಲಿಗೇ ಬರುತ್ತೆ."

"ನೀವು ಭೂಗೋಳ ಕಲಿಸಿದವರು. ಹರಿವಿನ ಲೆಕ್ಕ ನನಗೆ ಬಿಡಿ."

"ಕ್ಯಾಪು ನನ್ನದು. ಅದರ ಸ್ವಭಾವ ನನಗೆ ಗೊತ್ತು."

ಇಬ್ಬರೂ ಕಟಾಂಜನದ ಉದ್ದಕ್ಕೂ ಕ್ಯಾಪಿನ ಜೊತೆ ನಡೆದರು, ಆಮೇಲೆ ಓಡಿದರು. ಎಪ್ಪತ್ತರ ಹತ್ತಿರದ ಇಬ್ಬರು, ಕೆಳಗೆ ತೇಲುವ ಒಂದು ಟೋಪಿ, ಹಿಂದೆ ಟೈ ಹಾರಿಸಿಕೊಂಡು ರಾಯಭಾರಿಗಳು, ಅವರ ಹಿಂದೆ ಹೊಟ್ಟೆ ಹಿಡಿದುಕೊಂಡು ನಾನು. ಕ್ಯಾಪು ಗೇಟಿಗೂ ಹೋಗಲಿಲ್ಲ, ವಾಪಸ್ಸೂ ಬರಲಿಲ್ಲ, ನಡುವೆ ಒಂದು ಪೈಪಿಗೆ ಸಿಕ್ಕಿ ನಿಂತಿತು. ಕೆಲಸಗಾರನೊಬ್ಬ ಉದ್ದನೆಯ ಕೊಕ್ಕೆಯಿಂದ ಎತ್ತಿದಾಗ ಅದನ್ನು ಮತ್ತೆ ತಲೆಗೆ ಹಾಕುವ ಸ್ಥಿತಿ ಇರಲಿಲ್ಲ. ಆ ಯುವತಿ ಒಳಗೆ ಹೋಗಿ, ಶಾಲಾಮಕ್ಕಳಿಗೆ ಕೊಡುವ ನೀಲಿ ಕ್ಯಾಪೊಂದನ್ನು ತಂದಳು. ಅದರ ಮೇಲೆ ನಗುವ ನೀರಿನ ಹನಿ, ಹನಿಗೆ ಕೈಕಾಲು. ಪ್ರೊಫೆಸರು ಅದನ್ನು ಕಿರೀಟದಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ಹಾಕಿಕೊಂಡರು.

ಮಾರನೆಯ ದಿನ ವಾಷಿಂಗ್ಟನ್ನಿನಲ್ಲಿ ಒಬ್ಬ ಜನಪ್ರತಿನಿಧಿಯ ಕಚೇರಿಗೆ ಹೋಗಿ ಕರಡು ಒಪ್ಪಿಸುವುದಿತ್ತು. ಪ್ರೊಫೆಸರು ಬೂದು ಸೂಟಿನ ಮೇಲೆ ಅದೇ ಕ್ಯಾಪಿನಲ್ಲಿ ಬಂದರು. ರಾಯಭಾರಿಗಳು ನೋಡಿದರು, ಏನೋ ಹೇಳಹೊರಟು ಬಿಟ್ಟರು. ನಮ್ಮನ್ನು ಬರಮಾಡಿಕೊಂಡದ್ದು ಜನಪ್ರತಿನಿಧಿಯ ಸಹಾಯಕಿ, ಮೂವತ್ತರ ಹೆಂಗಸು, ಕಣ್ಣು ಗಡಿಯಾರದ ಮೇಲೆ. ಕೂತ ಕೂಡಲೇ ಕೇಳಿದಳು. "ಕ್ಷಮಿಸಿ, ಆ ಕ್ಯಾಪಿನ ಕಥೆ ಏನು?"

ಎಂಜಿನಿಯರಮ್ಮನೇ ಹೇಳಿದರು. ಅಭಿನಯ ಮಾಡಿ ಹೇಳಿದರು. ತೊಟ್ಟಿ, ಸುಳಿ, ಓಟ, ಕೊಕ್ಕೆ. ಪ್ರೊಫೆಸರು ನಡುನಡುವೆ ತಿದ್ದಿದರು. ಸಹಾಯಕಿ ನಗುತ್ತ ಕುರ್ಚಿ ಹತ್ತಿರ ಎಳೆದುಕೊಂಡಳು. ಆಮೇಲೆ ತೊರೆಯ ವಿಷಯ ಬಂತು, ನಕ್ಷೆ ಬಂತು. "ಇದನ್ನು ಯಾರು ಮಾಡಿದ್ದು?" ಎಂದಳು. ಮೂರು ಬೆರಳು ನನ್ನ ಕಡೆ ತಿರುಗಿದವು. ಗೋಡೆಗೆ ಅಂಟಿ ಕೂತಿದ್ದ ನಾನು ಇನ್ನೂ ಅಂಟಿಕೊಂಡೆ. ನಮಗೆ ಕೊಟ್ಟಿದ್ದ ಸಮಯ ಮುಗಿದು, ಹೊರಗೆ ಕಾಯುತ್ತಿದ್ದವರು ಎರಡು ಸಲ ಇಣುಕಿ ಹೋದರೂ ಅವಳು ನಮ್ಮನ್ನು ಬಿಡಲಿಲ್ಲ. ಎರಡೂ ಕಡೆಯ ಅಧಿಕಾರಿಗಳ ಕಿವಿಗೆ ಹಾಕುತ್ತೇನೆ ಎಂದಳು. ಹೊರಬಂದು ಅಮೃತಶಿಲೆಯ ಮೆಟ್ಟಿಲ ಮೇಲೆ ನಿಂತಾಗ ಪ್ರೊಫೆಸರು ಬೀದಿಗೆ ಕೇಳುವಂತೆ ಶಿಳ್ಳೆ ಹಾಕಿದರು.

ಚಳಿಗಾಲ ಕಳೆಯುವ ಹೊತ್ತಿಗೆ ಉತ್ತರ ಬಂತು. ಎರಡೂ ಕಡೆಯವರು ಬೇರೆ ಬೇರೆಯಾಗಿ, ತೊರೆಯ ನೀರಿನ ಮಾದರಿಯನ್ನು ಮೇಲೂ ಕೆಳಗೂ ಒಂದೇ ಹೊತ್ತಿಗೆ ತೆಗೆಯುವುದಕ್ಕೆ ತಮ್ಮ ಆಕ್ಷೇಪಣೆ ಇಲ್ಲ ಎಂದಿದ್ದರು. ನನಗೆ ನಿರಾಸೆಯಾಯಿತು. ಇಷ್ಟೇನಾ ಎಂದೆ. ರಾಯಭಾರಿಗಳು ಪರದೆಯಲ್ಲಿ ಎದ್ದುನಿಂತಿದ್ದರು, ಅಲ್ಲಿ ಅವರ ಹೊಟ್ಟೆ ಕಂಡದ್ದು ಅದೇ ಮೊದಲ ಸಲ. "ಆಕ್ಷೇಪಣೆ ಇಲ್ಲ ಅಂದರೆ ನಮ್ಮ ವೃತ್ತಿಯಲ್ಲಿ ಮದುವೆ ನಿಶ್ಚಯ ಆದ ಹಾಗೆ," ಎಂದರು.

"ನಮ್ಮ ಭಾಷೆಯಲ್ಲೂ ಹಾಗೇ. ಬಹಳ ಚೆನ್ನಾಗಿದೆ ಅನ್ನೋದಕ್ಕೆ ಕೆಲವರು ಅಡ್ಡಿಯಿಲ್ಲ ಅಂತಾರೆ," ಎಂದೆ. ಪ್ರೊಫೆಸರು ಆ ಪದ ಕಲಿತುಕೊಂಡರು. ಎಂಜಿನಿಯರಮ್ಮ ಏನು ಹೇಳಿದರೂ ಅಂದಿನಿಂದ, "ಅಡ್ಡಿಲ್ಲಾ," ಎನ್ನುತ್ತಿದ್ದರು, ಅದಕ್ಕೆ ಅರ್ಥ ಹೇಳದೆ. ಎಂಜಿನಿಯರಮ್ಮ ನನಗೆ ಗುಟ್ಟಾಗಿ ಮೆಸೇಜು ಕಳಿಸಿದರು: ಅದು ಬೈಗುಳವೇ?

ಮೊದಲ ಮಾದರಿ ತೆಗೆಯುವುದು ಆ ವಸಂತದಲ್ಲಿ, ರಂಜಾನ್ ತಿಂಗಳಲ್ಲಿ. ಮಧ್ಯಾಹ್ನ ಎರಡು ಗಂಟೆಗೆ ಎಂದು ಇಬ್ಬರೂ ಒಪ್ಪಿದರು. ಎಂಜಿನಿಯರಮ್ಮನ ತಂಡ ಕೆಳಗೆ, ಪ್ರೊಫೆಸರ ತಂಡ ಮೇಲೆ, ಫೋನಿನಲ್ಲಿ ವಿಡಿಯೊ, ನಾನು ಮೇರಿಲ್ಯಾಂಡಿನ ಅಡುಗೆಮನೆಯಲ್ಲಿ. ನಮಗೆ ಅದು ಬೆಳಿಗ್ಗೆ. ಒಂದು ಕೈಯಲ್ಲಿ ಮಗಳ ಡಬ್ಬಿಗೆ ಚಿತ್ರಾನ್ನ ಕಲಸುತ್ತ ಇನ್ನೊಂದರಲ್ಲಿ ಬಟನ್ ಒತ್ತಿದೆ.

ಎಂಜಿನಿಯರಮ್ಮ ಬಂದರು. ಬೂಟು, ಕೈಗವಸು, ಬಾಟಲಿ ಎಲ್ಲ ಸಿದ್ಧ. ಪ್ರೊಫೆಸರು ಇಲ್ಲ. ಕಾದರು. ಪೆನ್ಸಿಲ್ ಇಲ್ಲದ್ದಕ್ಕೆ ಬಾಟಲಿ ಕುಟ್ಟಿದರು. "ಕೊನೇ ಗಳಿಗೆಯಲ್ಲಿ ಕೈಕೊಟ್ಟರು. ನನಗೆ ಗೊತ್ತಿತ್ತು," ಎಂದರು. ನಾನು ಫೋನ್ ಮಾಡಿದೆ, ಎತ್ತಲಿಲ್ಲ. ಚಿತ್ರಾನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ರಾಯಭಾರಿಗಳು ಹುಬ್ಬು ಗಂಟಿಕ್ಕಿದ್ದರು.

ಮಗಳು ಶಾಲೆಗೆ ಹೊರಟುಹೋದಳು. ನಮ್ಮವರು ಬಂದು, "ಏನ್ ಆಯ್ತು, ಯಾಕ್ ಹಿಂಗಿದೀಯಾ?" ಎಂದರು.

"ಪ್ರೊಫೆಸರು ಬಂದೇ ಇಲ್ಲ. ಒನ್ ಅವರ್ ಆಗ್ತಾ ಬಂತು."

ಅಷ್ಟರಲ್ಲಿ ಪ್ರೊಫೆಸರು ಪರದೆಯಲ್ಲಿ ಮೂಡಿದರು. ನಗುವ ಹನಿಯ ಕ್ಯಾಪು, ಹಿಂದೆ ಬೆಟ್ಟ. ಪ್ರಸನ್ನವಾಗಿ, "ನಾವು ಐದು ನಿಮಿಷ ಮುಂಚೆಯೇ ಬಂದಿದ್ದೇವೆ," ಎಂದರು.

"ನಿಮ್ಮ ಗಡಿಯಾರದಲ್ಲಿ ಎಷ್ಟು?" ಎಂದರು ಎಂಜಿನಿಯರಮ್ಮ.

"ಎರಡಕ್ಕೆ ಐದು ಕಡಿಮೆ. ನಿಮ್ಮದರಲ್ಲಿ?"

ಆಗ ಅರ್ಥವಾಯಿತು. ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ಪದ್ಧತಿ ಎರಡೂ ಕಡೆ ಇದೆ. ಇಸ್ರೇಲಿನವರು ತಿರುಗಿಸಿಯಾಗಿತ್ತು. ಪ್ಯಾಲೆಸ್ಟೀನಿನವರು ಆ ವರ್ಷ ಉಪವಾಸದ ತಿಂಗಳು ಮುಗಿಯಲಿ ಎಂದು ಮುಂದೂಡಿದ್ದರು. ಒಂದೇ ತೊರೆ, ಮೇಲೆ ಎರಡು ಗಂಟೆ ಆಗುವಾಗ ಕೆಳಗೆ ಮೂರು ಗಂಟೆ. ಗಡಿ, ನೀರು, ನಿರಾಶ್ರಿತರು ಎಲ್ಲದರ ಮೇಲೂ ಕರಡು ಬರೆದಿದ್ದ ಇಷ್ಟು ಜನ ತಜ್ಞರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ಹಾಗಾದರೆ ನಾವು ನಿಮಗಿಂತ ಒಂದು ಗಂಟೆ ಚಿಕ್ಕವರು," ಎಂದರು ಪ್ರೊಫೆಸರು.

ಎಂಜಿನಿಯರಮ್ಮ ಕಲ್ಲಿನ ಮೇಲೆ ಕೂತು ನಕ್ಕರು. ಬೆನ್ನ ಹಿಂದೆ ನಮ್ಮವರೂ ನಗುತ್ತಿದ್ದರು. ನಾನು ಎಣಿಸಿದೆ, ಇಬ್ಬರೂ ಬಗ್ಗಿ ಒಂದೇ ಕ್ಷಣಕ್ಕೆ ಬಾಟಲಿ ಮುಳುಗಿಸಿದರು. ಕರಿಯ ನೀರು. ಪ್ರೊಫೆಸರು ಬಾಟಲಿಯನ್ನು ಕ್ಯಾಮೆರಾಕ್ಕೆ ಹಿಡಿದು, "ಉಪವಾಸದವನ ಕೈಗೆ ಕೊಡಬಹುದಾದ ನೀರು ಇದೊಂದೇ, ಕುಡಿಯುವ ಆಸೆ ಹುಟ್ಟೋದಿಲ್ಲ," ಎಂದರು. ಆ ದಿನವೆಲ್ಲ ನಾನು ಮನೆಯಲ್ಲಿ ಕಾರಣವಿಲ್ಲದೆ ಓಡಾಡಿದೆ. ಮಗಳು ಸಂಜೆ ಬಂದು, ಲಂಚ್ ತುಂಬಾ ಸಾಲ್ಟಿ ಇತ್ತು ಎಂದಾಗಲೂ ಅವಳನ್ನು ಅಪ್ಪಿಕೊಂಡೆ.

ಆ ಬೇಸಿಗೆಯಲ್ಲಿ ಇನ್ನೂ ಕೆಲವು ಸಲ ಮಾದರಿ ತೆಗೆದರು. ಶರತ್ಕಾಲದಲ್ಲಿ ಯುದ್ಧ ಬಂತು.

ಅದರ ಬಗ್ಗೆ ನನಗೆ ಹೆಚ್ಚು ಬರೆಯುವ ಅಧಿಕಾರವಿಲ್ಲ. ಎಂಜಿನಿಯರಮ್ಮನ ಬಳಗದಲ್ಲಿ ಮೊದಲ ದಿನವೇ ಸಾವಾಯಿತು. ಪ್ರೊಫೆಸರ ತಂಗಿಯ ಸಂಸಾರ ಗಾಜಾದಲ್ಲಿತ್ತು. ವಾರಗಟ್ಟಲೆ ಸುದ್ದಿಯಿರಲಿಲ್ಲ, ಆಮೇಲೆ ಬಂದ ಸುದ್ದಿಯನ್ನು ಅವರು ಯಾರಿಗೂ ಹೇಳಲಿಲ್ಲ. ಮಾತುಕತೆ ನಿಂತಿತು. ಅತ್ತೆ ಫೋನಿನಲ್ಲಿ ಕೇಳಿದರು, ಟೀವಿಯಲ್ಲಿ ತೋರಿಸ್ತಿರೋದು ಅವರ ಊರೇನೇ ಎಂದು. ಹೌದು ಅತ್ತೆ ಎಂದೆ. ಇವರು ಅಣ್ಣ ತಂಗಿ ಅಲ್ಲ ಎಂಬುದು ಅತ್ತೆಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಆ ಕಡೆಯಿಂದ ಅಳು ಕೇಳಿಸಿತು.

ರಾಯಭಾರಿಗಳು ನನಗೆ ಹೇಳಿದ್ದು ಒಂದೇ. "ವಾರಕ್ಕೊಮ್ಮೆ ಅದೇ ಹೊತ್ತಿಗೆ ಮೀಟಿಂಗಿನ ಕೋಣೆ ತೆರೆದಿಡಿ. ಬರಲಿ, ಬಿಡಲಿ."

ತೆರೆದಿಟ್ಟೆ. ಅವರೂ ನಾನೂ ಇಬ್ಬರೇ ಕೂರುತ್ತಿದ್ದೆವು. ಅವರು ಪುಸ್ತಕ ಓದುತ್ತಿದ್ದರು, ನಾನು ಬಟ್ಟೆ ಮಡಚುತ್ತಿದ್ದೆ. ಚಳಿಗಾಲದ ಒಂದು ಬೆಳಿಗ್ಗೆ ಎಂಜಿನಿಯರಮ್ಮ ಬಂದರು, ಕ್ಯಾಮೆರಾ ಹಾಕದೆ. ಮತ್ತೆ ಕೆಲವು ವಾರ ಕಳೆದು ಪ್ರೊಫೆಸರು ಬಂದರು. ಬಹಳ ಹೊತ್ತಿನ ಮೇಲೆ ಎಂಜಿನಿಯರಮ್ಮನ ದನಿ ಕೇಳಿತು. "ನಿಮ್ಮ ತಂಗಿ?"

"ಕೇಳಿದಿರಲ್ಲ, ಅಷ್ಟು ಸಾಕು," ಎಂದರು ಪ್ರೊಫೆಸರು. ಅಂದು ಅಷ್ಟೇ.

ಹಾಗೇ ಒಂದು ಬೇಸಿಗೆ ಕಳೆಯಿತು. ಇಬ್ಬರೂ ಕ್ಯಾಮೆರಾ ಹಾಕದೆ ಬರುತ್ತಿದ್ದರು, ಹವೆ ಕೇಳುತ್ತಿದ್ದರು, ಹೋಗುತ್ತಿದ್ದರು. ಜಗಳವೇ ಇಲ್ಲದ ಆ ವಿನಯಕ್ಕೆ ನನಗೆ ಭಯವಾಗುತ್ತಿತ್ತು. ಒಂದು ದಿನ ಎಂಜಿನಿಯರಮ್ಮ, ತಮ್ಮ ಕಡೆಯವರೇ ಒಬ್ಬರು ತೊರೆಯ ನೀರನ್ನು ಪರೀಕ್ಷಿಸಿದ್ದಾರೆ, ಈ ಸಲ ಕೊಳಚೆ ಹೆಚ್ಚಾಗಿದೆ, ಮೇಲಿನಿಂದ ಬರುತ್ತಿದೆ ಎಂದರು.

"ಮೇಲಿನಿಂದ ಅಂದರೆ ಯಾರಿಂದ?" ಎಂದರು ಪ್ರೊಫೆಸರು.

"ನಿಮಗೇ ಗೊತ್ತು."

"ನನಗೆ ಗೊತ್ತಿರೋದು ನಿಮ್ಮ ವಸಾಹತಿನ ಪೈಪು ಎಲ್ಲಿ ಬೀಳುತ್ತೆ ಅಂತ."

"ಆ ಪೈಪಿನ ಬಗ್ಗೆ ನಾನು ನಿಮಗಿಂತ ಜೋರಾಗಿ ಬರೆದಿದ್ದೇನೆ, ನೀವು ಓದಿಲ್ಲ."

"ಓದಿದ್ದೇನೆ. ಅರ್ಧ ತಪ್ಪು."

ಕ್ಯಾಮೆರಾ ಎರಡೂ ಒಟ್ಟಿಗೇ ತೆರೆದುಕೊಂಡವು. ಇಬ್ಬರೂ ಸೊರಗಿದ್ದರು. ಇಬ್ಬರೂ ಕೆಂಡವಾಗಿದ್ದರು. ಪೆನ್ಸಿಲ್ ಕುಟ್ಟತೊಡಗಿತು. ಒಂದೂವರೆ ಗಂಟೆ ಜಗಳವಾಡಿದರು, ಮುಗಿಯುವ ಹೊತ್ತಿಗೆ ಮುಂದಿನ ವಾರ ಎರಡೂ ಕಡೆಯ ಅಂಕಿಗಳನ್ನು ಎದುರಿಗಿಟ್ಟುಕೊಂಡು ಮತ್ತೆ ಜಗಳವಾಡುವುದೆಂದು ನಿಶ್ಚಯವಾಯಿತು. ಕೋಣೆ ಮುಚ್ಚುವ ಮುಂಚೆ ರಾಯಭಾರಿಗಳು ನನ್ನತ್ತ ನೋಡಿ ಎರಡೂ ಹುಬ್ಬು ಮೇಲೇರಿಸಿದರು. ನಾನು ಎದ್ದುಹೋಗಿ ಬಾಲ್ಕನಿಯಲ್ಲಿ ನಿಂತು, ಕೆಳಗೆ ಕಾರು ತೊಳೆಯುತ್ತಿದ್ದ ಅಪರಿಚಿತರಿಗೆ ಕೈಬೀಸಿದೆ.

ಈಗ ಇಬ್ಬರ ತಂಡವೂ ಬೇರೆ ಬೇರೆಯಾಗಿ ಮಾದರಿ ತೆಗೆಯುತ್ತದೆ, ಅಂಕಿಗಳು ಒಂದೇ ಕಡೆ ಸೇರುತ್ತವೆ. ಅಲ್ಲಿ ಶಾಂತಿ ಬಂದಿದೆ ಎಂದು ನಾನು ಹೇಳಲಾರೆ. ಕದನವಿರಾಮಗಳ ಸುದ್ದಿ ಬಂದಾಗಲೆಲ್ಲ ಇಬ್ಬರೂ, ನೋಡೋಣ, ಎನ್ನುತ್ತಾರೆ. ಎರಡೂ ಕಡೆಯಿಂದ ಹೊಸಬರು ಸೇರಿದ್ದಾರೆ, ಹಳಬರು ಅವರಿಗೆ ಜಗಳ ಕಲಿಸುತ್ತಿದ್ದಾರೆ.

ಹಿಂದಿನ ಸಲದ ಸಭೆ ಮತ್ತೆ ಮೇರಿಲ್ಯಾಂಡಿನ ಅದೇ ಲಾಡ್ಜಿನಲ್ಲಿ ನಡೆಯಿತು. ಎಂಜಿನಿಯರಮ್ಮ ಬಂದರು. ಪ್ರೊಫೆಸರಿಗೆ ವೀಸಾ ಸಿಗಲಿಲ್ಲ. ಅವರನ್ನು ಒಂದು ಲ್ಯಾಪ್‌ಟಾಪಿನಲ್ಲಿ ತೆರೆದು ಮೇಜಿನ ಮೇಲೆ, ಎಂಜಿನಿಯರಮ್ಮನ ಪಕ್ಕದ ಕುರ್ಚಿಯ ಮುಂದೆ ಇಟ್ಟೆ. ಮೊದಲ ದಿನ ಬೆಳಿಗ್ಗೆ ತಿಂಡಿಗೆ ಎಲ್ಲರೂ ಏಳುವಾಗ ಎಂಜಿನಿಯರಮ್ಮ ಲ್ಯಾಪ್‌ಟಾಪನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ತಿಂಡಿಯ ಸಾಲಿನಲ್ಲಿ ಒಂದೊಂದು ಪಾತ್ರೆಯ ಮುಚ್ಚಳ ತೆಗೆದು ಅವರಿಗೆ ತೋರಿಸಿದರು. "ಇದು ಮೊಟ್ಟೆ. ಬೇಕಾ?"

"ಒಣಗಿದೆ. ಬೇಡ. ಆ ಹಣ್ಣು ಹಾಕಿಕೊಳ್ಳಿ."

ಅವರ ಹೆಸರಿನಲ್ಲಿ ಒಂದು ತಟ್ಟೆ ತುಂಬಿಸಿ ಅದನ್ನೂ ಎಂಜಿನಿಯರಮ್ಮನೇ ತಿಂದರು. ಆಮೇಲೆ, ಲಾಡ್ಜ್ ಹಿಂದೆ ಒಂದು ಹಳ್ಳ ಹರಿಯುತ್ತದೆ, ಇವರಿಗೆ ತೋರಿಸಬೇಕು ಎಂದು ಹೊರಟೇಬಿಟ್ಟರು. ಹುಲ್ಲು ದಾಟುವಷ್ಟರಲ್ಲಿ ವೈಫೈ ಸಿಗದೆ ಪ್ರೊಫೆಸರು ಬಾಯಿ ತೆರೆದಂತೆಯೇ ನಿಂತುಹೋದರು. ನಾನು ಓಡಿಬಂದು ನನ್ನ ಫೋನಿನಿಂದ ಸಂಪರ್ಕ ಕೊಟ್ಟೆ. ಸಿಗ್ನಲ್ ಇದ್ದದ್ದು ಹಳ್ಳದ ನಡುವಿನ ಒಂದು ಬಂಡೆಯ ಹತ್ತಿರ ಮಾತ್ರ. ನೀರಿಗಿಳಿದೆ. ಹಿಮ ಕರಗಿದ ನೀರು, ಬೂಟಿನೊಳಗೆ ಬಂತು, ಕಾಲು ಮರಗಟ್ಟಿತು. ಪ್ರೊಫೆಸರು ಮತ್ತೆ ಜೀವ ತಳೆದರು.

"ನೀರು ತಿಳಿಯಾಗಿದೆ," ಎಂದರು.

"ತಿಳಿ ಅಂದ ಮಾತ್ರಕ್ಕೆ ಒಳ್ಳೆಯದಲ್ಲ," ಎಂದರು ಎಂಜಿನಿಯರಮ್ಮ, ಲ್ಯಾಪ್‌ಟಾಪನ್ನು ನೀರಿಗೆ ಬಗ್ಗಿಸುತ್ತ. "ಒಳ್ಳೆಯ ನೀರಾದರೆ ಹುಳು ಇರಬೇಕು. ಕಾಣಿಸ್ತಿಲ್ಲ, ನೋಡಿ."

"ಕಲ್ಲು ತಿರುಗಿಸಿ. ಕಲ್ಲಿನ ಅಡಿಯಲ್ಲಿ ಇರುತ್ತೆ."

ಎಂಜಿನಿಯರಮ್ಮ ನನ್ನ ಕಡೆ ನೋಡಿದರು. ನಾನು ಒಂದು ಕೈಯಲ್ಲಿ ಫೋನ್ ಎತ್ತಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಕಲ್ಲು ತಿರುಗಿಸಿದೆ. ಅಡಿಯಲ್ಲಿ ಸಣ್ಣ ಹುಳುಗಳು ಗಿಜಿಗುಡುತ್ತಿದ್ದವು. ಪರದೆಯಿಂದ ಪ್ರೊಫೆಸರ ವಿಜಯದ ನಗು ಕೇಳಿತು. ಎಂಜಿನಿಯರಮ್ಮ, ಒಂದು ಕಲ್ಲಿನಿಂದ ಏನೂ ಸಾಬೀತಾಗುವುದಿಲ್ಲ, ಇನ್ನೊಂದು ತಿರುಗಿಸಿ ಎಂದರು. ತಿರುಗಿಸಿದೆ.